ಕಣ್ಣಿಗೆ ಲೆನ್ಸ್: ಕೊಳ್ಳುವ ಮುನ್ನ ಲೆಕ್ಕ ಹಾಕಿ



ಕನ್ನಡಕದ ಬದಲು ಕಣ್ಣಿಗೆ ಹಾಕುವ ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ ಬರೆಯಿರಿ ಎಂದು ಕಾಲೇಜು ಓದುವ ಹುಡುಗಿಯರೂ ಅವರ ತಾಯಂದಿರೂ ಕೇಳುತ್ತಲೇ ಇದ್ದಾರೆ. ಅವರ ಪ್ರಶ್ನೆಗಳು ಹೆಚ್ಚಾಗಿ ಎರಡೇ. ಯಾವ ಲೆನ್ಸ್ ಕಣ್ಣಿಗೆ ಹಿತ? ಯಾವುದು ನಮ್ಮ ಕೈಗೆಟಕುವ ಬೆಲೆಗೆ ಸಿಗುತ್ತದೆ? ಕೊಂಡ ಮೇಲೆ ಅದನ್ನು ನೋಡಿಕೊಳ್ಳುವುದು ಹೇಗೆ ಎಂಬ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆದರೆ ಮೊದಲ ಎರಡು ಪ್ರಶ್ನೆಗಳ ಉತ್ತರವೂ ಈ ಮೂರನೆಯದರಲ್ಲೇ ಇದೆ. ಶುಚಿಯಾಗಿಟ್ಟುಕೊಳ್ಳಲು ನಮ್ಮಿಂದ ಆಗುವ ಲೆನ್ಸೇ ಹಿತವಾದ ಲೆನ್ಸ್. ಸಮಯಕ್ಕೆ ಸರಿಯಾಗಿ ಬಿಸಾಡಿ ಹೊಸದನ್ನು ಕೊಳ್ಳಲು ನಮ್ಮ ಕಿಸೆ ಒಪ್ಪುವ ಲೆನ್ಸೇ ಅಗ್ಗದ ಲೆನ್ಸ್.

ದೃಷ್ಟಿ ಅಲ್ಲಾಹನ ದೊಡ್ಡ ಅನುಗ್ರಹ. ಪವಿತ್ರ ಕುರ್‌ಆನ್ ನಮಗೆ ನೀಡಲಾದ ಕೊಡುಗೆಗಳನ್ನು ನೆನಪಿಸುವಾಗ ಕಿವಿ, ಕಣ್ಣು ಮತ್ತು ಹೃದಯವನ್ನು ಮತ್ತೆ ಮತ್ತೆ ಒಟ್ಟಿಗೆ ಹೆಸರಿಸುತ್ತದೆ. ಇವುಗಳ ಬಗ್ಗೆ ನಾಳೆ ವಿಚಾರಣೆಯೂ ಇದೆ ಎಂದು ಎಚ್ಚರಿಸುತ್ತದೆ. ಕಣ್ಣಿನಿಂದ ಏನನ್ನು ನೋಡಿದೆವು ಎಂಬ ಪ್ರಶ್ನೆಗೆ ನಾವು ಹೆದರುತ್ತೇವೆ. ಆ ಕಣ್ಣನ್ನು ಹೇಗೆ ಕಾಪಾಡಿದೆವು ಎಂಬುದೂ ನಮ್ಮ ಜವಾಬ್ದಾರಿಯೇ ಅಲ್ಲವೇ?

ನಾನು ವೈದ್ಯಳಲ್ಲ, ಪಾಠ ಹೇಳುವವಳು. ಇಲ್ಲಿ ಬರೆದಿರುವುದು ಕಣ್ಣಿನ ಪರೀಕ್ಷೆಗೆ ಬದಲಿಯಲ್ಲ. ಪರೀಕ್ಷೆಗೆ ಹೋಗುವಾಗ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬ ತಿಳುವಳಿಕೆ ಅಷ್ಟೇ.

ಲೆನ್ಸ್ ಯಾರಿಗೆ ಬೇಕು?

ಮೊದಲು ಒಂದು ಮಾತು. ಕನ್ನಡಕ ಕೊರತೆಯಲ್ಲ. ದೂರದ್ದು ಮಂಜಾಗಿ ಕಾಣುವ ಕಣ್ಣಿಗೆ ಕನ್ನಡಕ ಅತ್ಯಂತ ಸುರಕ್ಷಿತವಾದ ಮತ್ತು ಹೆಚ್ಚಿನವರಿಗೆ ಅತ್ಯಂತ ಅಗ್ಗವಾದ ಪರಿಹಾರ. ಹಾಗಿದ್ದರೂ ಲೆನ್ಸ್ ಬಯಸಲು ನಮ್ಮ ಹೆಣ್ಣುಮಕ್ಕಳಿಗೆ ನ್ಯಾಯವಾದ ಕಾರಣಗಳಿವೆ. ನಿಖಾಬ್ ಧರಿಸುವವರಿಗೆ ಉಸಿರಿನ ಬಿಸಿ ಮೇಲೇರಿ ಕನ್ನಡಕದ ಗಾಜು ಮಂಜಾಗುತ್ತದೆ. ರಸ್ತೆ ದಾಟುವಾಗ, ಬಸ್ಸಿನ ಬೋರ್ಡು ಓದುವಾಗ ಇದು ಸಣ್ಣ ತೊಂದರೆಯಲ್ಲ. ಬಿಗಿಯಾಗಿ ಕಟ್ಟಿದ ಸ್ಕಾರ್ಫಿನ ಕೆಳಗೆ ಕನ್ನಡಕದ ಕಡ್ಡಿ ಕಿವಿಯ ಹಿಂದೆ ಒತ್ತಿ ಸಂಜೆಯಾಗುವಾಗ ತಲೆನೋವು ಬರುವುದೂ ಉಂಟು. ಎರಡು ಕಣ್ಣುಗಳ ನಂಬರಿನಲ್ಲಿ ತುಂಬಾ ವ್ಯತ್ಯಾಸವಿದ್ದರೆ ಕನ್ನಡಕಕ್ಕಿಂತ ಲೆನ್ಸಿನಲ್ಲೇ ಚೆನ್ನಾಗಿ ಕಾಣುತ್ತದೆ. ಕಾರ್ನಿಯ, ಅಂದರೆ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರ, ಶಂಕುವಿನಂತೆ ಉಬ್ಬುವ ಕೆರಟೊಕೋನಸ್ ಎಂಬ ಕಾಯಿಲೆಯಲ್ಲಂತೂ ಲೆನ್ಸ್ ಅಲಂಕಾರವಲ್ಲ, ಚಿಕಿತ್ಸೆಯ ಭಾಗ.

ನಿಖಾಬ್‌ನ ಮೇಲಂಚನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿ ಅದರ ಮೇಲೆ ಕನ್ನಡಕ ಇಟ್ಟರೆ ಮಂಜು ಎಷ್ಟೋ ಕಡಿಮೆಯಾಗುತ್ತದೆ. ಮೊದಲು ಇದನ್ನು ಮಾಡಿ ನೋಡಿ. ಇಷ್ಟರಲ್ಲೇ ಕೆಲಸ ಮುಗಿದರೆ ಖರ್ಚೂ ಉಳಿಯಿತು.

ಕಣ್ಣು ಸದಾ ಒಣಗಿ ಉರಿಯುವವರು, ಅಲರ್ಜಿಯಿಂದ ಆಗಾಗ ಕಣ್ಣು ತುರಿಸುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು ವೈದ್ಯರಲ್ಲಿ ಅದನ್ನು ಹೇಳದೆ ಲೆನ್ಸ್ ಹಾಕಬಾರದು. ಸಕ್ಕರೆ ಕಾಯಿಲೆಯಲ್ಲಿ ಕಾರ್ನಿಯದ ಸ್ಪರ್ಶಜ್ಞಾನ ಕಡಿಮೆಯಾಗಬಹುದು, ಗಾಯ ಮಾಯುವುದೂ ನಿಧಾನ. ಗರ್ಭಿಣಿಯರಲ್ಲಿ ದೇಹದ ಬದಲಾವಣೆಗಳಿಂದ ಕಣ್ಣು ಒಣಗಿ, ಮೊದಲು ಹಿತವಾಗಿದ್ದ ಲೆನ್ಸೂ ಚುಚ್ಚಬಹುದು. ಹೊಸದಾಗಿ ಲೆನ್ಸ್ ಆರಂಭಿಸಲು ಆ ತಿಂಗಳುಗಳು ಸೂಕ್ತವಲ್ಲ.

ಹಿತವಾದುದು ಯಾವುದು?

ದೇಹದ ಇತರ ಭಾಗಗಳಂತೆ ಕಾರ್ನಿಯಕ್ಕೆ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿ ಹೊರಗಿನ ಗಾಳಿಯಿಂದ, ಕಣ್ಣೀರಿನ ತೆಳು ಪದರದ ಮೂಲಕ ಸಿಗುತ್ತದೆ. ಅದರ ಮೇಲೆ ಲೆನ್ಸ್ ಕೂರಿಸುವುದೆಂದರೆ ಉಸಿರಾಡುವ ಮೂಗಿನ ಮೇಲೆ ಬಟ್ಟೆ ಹಾಕಿದಂತೆ. ಬಟ್ಟೆ ತೆಳುವಾಗಿ ಗಾಳಿಯಾಡುವಂತಿದ್ದರೆ ತೊಂದರೆಯಿಲ್ಲ. ದಪ್ಪವಾಗಿ ಕೊಳೆಯಾಗಿದ್ದರೆ ಉಸಿರುಗಟ್ಟುತ್ತದೆ.

ಈಗ ನಾವು ಬಳಸುವ ಮೃದು ಲೆನ್ಸಿನ ಹಿಂದೆ ಒಂದು ಸ್ವಾರಸ್ಯವಾದ ಕತೆಯಿದೆ. ಜೆಕೊಸ್ಲೊವಾಕಿಯದ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ 1961ರಲ್ಲಿ ತನ್ನ ಮನೆಯಲ್ಲೇ, ಮಕ್ಕಳ ಆಟಿಕೆಯ ಬಿಡಿಭಾಗಗಳು ಮತ್ತು ಸೈಕಲ್ ಡೈನಮೋ ಜೋಡಿಸಿದ ಯಂತ್ರದಲ್ಲಿ ಇಂತಹ ಲೆನ್ಸ್‌ಗಳನ್ನು ಎರಕ ಹೊಯ್ದರು. ನೀರನ್ನು ಹೀರಿ ಮೆತ್ತಗಾಗುವ ಆ ವಸ್ತುವಿಗೆ ಹೈಡ್ರೋಜೆಲ್ ಎಂದು ಹೆಸರು. 1999ರಲ್ಲಿ ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್‌ಗಳು ಮಾರುಕಟ್ಟೆಗೆ ಬಂದವು. ಇವುಗಳ ಮೂಲಕ ಆಮ್ಲಜನಕ ಹಿಂದಿನವುಗಳಿಗಿಂತ ಹಲವು ಪಟ್ಟು ಹೆಚ್ಚು ಹಾದುಹೋಗುತ್ತದೆ. ಬೆಳಗ್ಗಿನಿಂದ ಸಂಜೆವರೆಗೆ ಲೆನ್ಸ್ ಹಾಕುವವರು ಇದನ್ನೇ ಕೇಳುವುದು ಒಳ್ಳೆಯದು. ವಾರಕ್ಕೊಮ್ಮೆ ಕೆಲವೇ ಗಂಟೆ ಹಾಕುವವರಿಗೆ ಸಾದಾ ಹೈಡ್ರೋಜೆಲ್ ಕೂಡಾ ಸಾಕಾಗಬಹುದು.

ವಸ್ತು ಒಳ್ಳೆಯದಿದ್ದರೆ ಸಾಲದು, ಅಳತೆಯೂ ಕೂಡಿಬರಬೇಕು. ಕನ್ನಡಕದ ಚೀಟಿ ತೋರಿಸಿ ಲೆನ್ಸ್ ಕೊಳ್ಳುವವರು ಇಲ್ಲಿಯೇ ಎಡವುತ್ತಾರೆ. ಕನ್ನಡಕ ಕಣ್ಣಿನಿಂದ ಸ್ವಲ್ಪ ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿಗೆ ಅಂಟಿಕೊಂಡಿರುತ್ತದೆ. ಆದ್ದರಿಂದ ನಂಬರು 4 ದಾಟಿದರೆ ಎರಡಕ್ಕೂ ಒಂದೇ ನಂಬರು ಆಗುವುದಿಲ್ಲ. ಕನ್ನಡಕದಲ್ಲಿ ಮೈನಸ್ 6 ಇರುವವರಿಗೆ ಲೆನ್ಸಿನಲ್ಲಿ ಸುಮಾರು ಮೈನಸ್ ಐದೂವರೆ ಸಾಕಾಗುತ್ತದೆ. ಇದಲ್ಲದೆ ಕಾರ್ನಿಯದ ಬಾಗು ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ. ಲೆನ್ಸಿನ ಪೆಟ್ಟಿಗೆಯ ಮೇಲೆ ಬಿ.ಸಿ. ಎಂದು ಬರೆದು 8.4, 8.6 ಎಂಬಂತಹ ಅಂಕಿ ಇರುವುದು ಈ ಬಾಗನ್ನು ಸೂಚಿಸುತ್ತದೆ. ಅದರ ಪಕ್ಕದಲ್ಲಿರುವ 14 ಮಿಲಿಮೀಟರಿನ ಆಸುಪಾಸಿನ ಅಂಕಿ ಅಗಲವನ್ನು ಹೇಳುತ್ತದೆ. ಚಪ್ಪಲಿ ಕೊಳ್ಳುವಾಗ ಕಾಲಿಗೆ ಹಾಕಿ ನೋಡದೆ ದುಡ್ಡು ಕೊಡದ ನಾವು ಕಣ್ಣಿನ ವಿಷಯದಲ್ಲಿ ಅಷ್ಟೂ ಮಾಡದಿದ್ದರೆ ಹೇಗೆ?

ಪರೀಕ್ಷೆಯ ಕೋಣೆಯಲ್ಲಿ ಇಷ್ಟು ಆಗಬೇಕು. ಕಣ್ಣಿನ ವೈದ್ಯರು ಅಥವಾ ಆಪ್ಟೊಮೆಟ್ರಿಸ್ಟ್ ಯಂತ್ರದಲ್ಲಿ ಕಣ್ಣನ್ನು ದೊಡ್ಡದಾಗಿಸಿ ನೋಡಬೇಕು. ಪ್ರಾಯೋಗಿಕ ಲೆನ್ಸ್ ಹಾಕಿ ಹದಿನೈದಿಪ್ಪತ್ತು ನಿಮಿಷ ಕೂರಿಸಿ, ರೆಪ್ಪೆ ಮಿಟುಕಿಸಿದಾಗ ಲೆನ್ಸ್ ಸ್ವಲ್ಪ ಜರುಗುತ್ತದೆಯೇ ಎಂದು ಪರೀಕ್ಷಿಸಬೇಕು. ಜರುಗದೆ ಅಂಟಿಕೊಂಡರೆ ಬಿಗಿ, ಹೆಚ್ಚು ಜಾರಿದರೆ ಸಡಿಲ. ಚೀಟಿಯಲ್ಲಿ ಸಿಲಿಂಡರ್ ನಂಬರು ಇದ್ದರೆ ಟೋರಿಕ್ ಲೆನ್ಸ್ ಬೇಕಾಗಬಹುದು. ಅದರ ಬೆಲೆ ಹೆಚ್ಚು. ಹಾಕುವುದನ್ನೂ ತೆಗೆಯುವುದನ್ನೂ ಅಲ್ಲಿಯೇ ಎರಡು ಮೂರು ಸಲ ನಿಮ್ಮ ಕೈಯಿಂದಲೇ ಮಾಡಿಸಿ ಕಲಿಸಬೇಕು. ಕೊನೆಗೆ ಲೆನ್ಸಿನ ಅಳತೆಗಳನ್ನು ಬರೆದ ಪ್ರತ್ಯೇಕ ಚೀಟಿಯನ್ನು ಕೇಳಿ ಪಡೆಯಿರಿ. ಅದು ಕೈಯಲ್ಲಿದ್ದರೆ ಮುಂದಿನ ಬಾರಿ ಬೆಲೆ ವಿಚಾರಿಸಿ ಎಲ್ಲಿ ಅಗ್ಗವೋ ಅಲ್ಲಿ ಅದೇ ಲೆನ್ಸನ್ನು ಬಿಲ್ಲು ಸಹಿತ ಕೊಳ್ಳಬಹುದು.

ಸರಿಯಾಗಿ ಕೂತ ಲೆನ್ಸ್ ಸ್ವಲ್ಪ ಹೊತ್ತಿನಲ್ಲೇ ಮರೆತುಹೋಗುತ್ತದೆ. ಅಭ್ಯಾಸವಾದರೆ ಸರಿಯಾಗುತ್ತದೆ ಎಂದು ನೋವನ್ನು ದಿನಗಟ್ಟಲೆ ಸಹಿಸಬೇಡಿ.

ಅಗ್ಗವಾದುದು ಯಾವುದು?

ಮೃದು ಲೆನ್ಸ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದೇ ದಿನ ಹಾಕಿ ಬಿಸಾಡುವುದು, ತಿಂಗಳಿಗೊಮ್ಮೆ ಬದಲಿಸುವುದು, ವರ್ಷಗಟ್ಟಲೆ ಬಳಸುವುದು. ಅಂಗಡಿಯಲ್ಲಿ ಕೇಳಿದರೆ ವರ್ಷದ ಲೆನ್ಸೇ ಅಗ್ಗವೆನಿಸುತ್ತದೆ. ಆದರೆ ಕಣ್ಣೀರಿನಲ್ಲಿರುವ ಪ್ರೋಟೀನು ಮತ್ತು ಜಿಡ್ಡು ದಿನದಿಂದ ದಿನಕ್ಕೆ ಅದರ ಮೇಲೆ ಪಾಚಿಯಂತೆ ಕೂರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ತಿಂಗಳುಗಳು ಕಳೆದಂತೆ ಉರಿ, ತುರಿಕೆ, ಮಂಜು ಶುರುವಾಗುತ್ತದೆ. ಬೇರೆ ದಾರಿ ಇದ್ದರೆ ಇದು ಬೇಡ.

ಉಳಿದ ಎರಡರಲ್ಲಿ ಯಾವುದು ಎಂಬುದು ನೀವು ತಿಂಗಳಿಗೆ ಎಷ್ಟು ದಿನ ಹಾಕುತ್ತೀರಿ ಎಂಬುದರ ಮೇಲಿದೆ. ಲೆಕ್ಕ ಸುಲಭವಾಗಲೆಂದು ಹೀಗೆ ಊಹಿಸಿಕೊಳ್ಳಿ. ಒಂದು ದಿನದ ಲೆನ್ಸ್ ಜೋಡಿಗೆ 80 ರೂಪಾಯಿ, ತಿಂಗಳ ಜೋಡಿಗೆ 500, ತಿಂಗಳಿಗೆ ತಗಲುವ ದ್ರಾವಣಕ್ಕೆ 250. ದಿನದ ಲೆನ್ಸಿಗೆ ದ್ರಾವಣವೂ ಬೇಡ, ಡಬ್ಬಿಯೂ ಬೇಡ. ತಿಂಗಳಿಡೀ ಹಾಕಿದರೆ ದಿನದ ಲೆನ್ಸಿಗೆ 2400 ರೂಪಾಯಿ, ತಿಂಗಳದ್ದಕ್ಕೆ 750. ಇಲ್ಲಿ ತಿಂಗಳದ್ದೇ ಅಗ್ಗ. ಆದರೆ ನೀವು ವಾರಕ್ಕೆರಡು ದಿನ ಹೊರಗೆ ಹೋಗುವಾಗ ಮಾತ್ರ ಹಾಕುವವರಾದರೆ ಎಂಟು ದಿನಕ್ಕೆ 640 ರೂಪಾಯಿ. ಆಗ ದಿನದ್ದೇ ಅಗ್ಗ, ತೊಳೆಯುವ ಚಿಂತೆಯೂ ಇಲ್ಲ. ನಿಮ್ಮ ಊರಿನ ಬೆಲೆಗಳನ್ನು ಹಾಕಿ ಇದೇ ಲೆಕ್ಕವನ್ನು ಕಾಗದದಲ್ಲಿ ಮಾಡಿ ನೋಡಿ.

ಇಲ್ಲೊಂದು ತಪ್ಪು ತಿಳುವಳಿಕೆಯಿದೆ. ತಿಂಗಳ ಲೆನ್ಸ್ ಎಂದರೆ ಮೂವತ್ತು ಸಲ ಹಾಕುವ ಲೆನ್ಸ್ ಎಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ಪೊಟ್ಟಣ ಒಡೆದ ದಿನದಿಂದ ಒಂದು ತಿಂಗಳು. ಎರಡೇ ಸಲ ಹಾಕಿದ್ದರೂ ತಿಂಗಳಾದರೆ ಅದರ ಆಯುಷ್ಯ ಮುಗಿಯಿತು. ದಿನದ ಲೆನ್ಸನ್ನು ಮರುದಿನಕ್ಕೆ ಉಳಿಸುವುದೂ ಮಿತವ್ಯಯವಲ್ಲ. ದುಂದುವೆಚ್ಚ ಬೇಡ, ಜಿಪುಣತನವೂ ಬೇಡ ಎಂದು ನಮ್ಮ ಧರ್ಮ ಕಲಿಸಿದೆ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ ಕಣ್ಣಿನ ಚಿಕಿತ್ಸೆಗೆ ಸಾವಿರಗಟ್ಟಲೆ ಸುರಿಯುವುದು ಯಾವ ಲೆಕ್ಕ?

ಬಜೆಟ್ಟಿನಲ್ಲಿ ಇನ್ನೊಂದನ್ನು ಸೇರಿಸಿ: ಸರಿಯಾದ ನಂಬರಿನ ಒಂದು ಕನ್ನಡಕ. ಲೆನ್ಸ್ ಹಾಕುವವರ ಮನೆಯಲ್ಲಿ ಕನ್ನಡಕ ಇರಲೇಬೇಕು. ಕಣ್ಣು ಕೆಂಪಾದ ದಿನ ಹಾಕಲು ಕನ್ನಡಕವಿಲ್ಲದವಳು ನೋವನ್ನು ನುಂಗಿ ಮತ್ತೆ ಲೆನ್ಸನ್ನೇ ಹಾಕುತ್ತಾಳೆ. ಅಪಾಯ ಆರಂಭವಾಗುವುದು ಅಲ್ಲಿಂದಲೇ. ಇವೆಲ್ಲ ಸೇರಿ ತಿಂಗಳ ಖರ್ಚು ಭಾರವೆನಿಸಿದರೆ ಸಂಕೋಚವಿಲ್ಲದೆ ಕನ್ನಡಕದಲ್ಲೇ ಇರಿ.

ನೀರೇ ಶತ್ರು

ಲೆನ್ಸಿಗೆ ನೀರು ತಾಗಬಾರದು. ಇದನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಟ್ಟರೂ ಸರಿಯೇ. ನಳ್ಳಿ ನೀರು, ಬಾವಿ ನೀರು, ಟ್ಯಾಂಕಿನ ನೀರು, ಮಸೀದಿಯ ಹೌಝಿನ ನೀರು, ಕಣ್ಣಿಗೆ ತಿಳಿಯಾಗಿ ಕಂಡರೂ ಅದರಲ್ಲಿ ಅಕಾಂತಮೀಬ ಎಂಬ ಸೂಕ್ಷ್ಮಜೀವಿ ಇರಬಹುದು. ಕುಡಿದರೆ ಸಾಮಾನ್ಯವಾಗಿ ಏನೂ ಆಗದು. ಆದರೆ ಲೆನ್ಸಿಗೆ ಅಂಟಿಕೊಂಡು ಕಾರ್ನಿಯಕ್ಕೆ ಇಳಿದರೆ ತಡೆಯಲಾಗದ ನೋವು, ತಿಂಗಳುಗಟ್ಟಲೆ ಚಿಕಿತ್ಸೆ. ದೃಷ್ಟಿಯನ್ನೇ ಕಳೆದುಕೊಂಡವರೂ ಇದ್ದಾರೆ. ಬಿಸಿ ಮಾಡಿ ಆರಿಸಿದ ನೀರು, ಮನೆಯಲ್ಲೇ ಉಪ್ಪು ಬೆರೆಸಿದ ನೀರು, ಪನ್ನೀರು, ಉಗುಳು ಯಾವುದೂ ಬೇಡ. ಝಮ್‌ಝಮ್ ಬರಕತ್ತಿನ ನೀರು. ಅದನ್ನು ಕುಡಿಯಿರಿ, ದುಆ ಮಾಡಿ. ಆದರೆ ಲೆನ್ಸ್ ತೊಳೆಯಲು ಬಳಸಬೇಡಿ.

ಹಾಗಾದರೆ ವುಝೂ ಹೇಗೆ? ಇದು ಅನೇಕ ಸಹೋದರಿಯರ ಪ್ರಶ್ನೆ. ವುಝೂವಿನಲ್ಲಾಗಲಿ ಕಡ್ಡಾಯ ಸ್ನಾನದಲ್ಲಾಗಲಿ ಕಣ್ಣಿನ ಒಳಭಾಗವನ್ನು ತೊಳೆಯಬೇಕಾಗಿಲ್ಲ. ಆದ್ದರಿಂದ ಲೆನ್ಸ್ ಹಾಕಿಕೊಂಡೇ ವುಝೂ ಮಾಡಬಹುದು, ಐದು ಹೊತ್ತೂ ತೆಗೆದು ಹಾಕುವ ಅಗತ್ಯವಿಲ್ಲ. ಮುಖಕ್ಕೆ ನೀರು ಎರಚುವಾಗ ಕಣ್ಣನ್ನು ಮೆಲ್ಲಗೆ ಮುಚ್ಚಿ, ಆಮೇಲೆ ರೆಪ್ಪೆಯ ಮೇಲಿನ ನೀರನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ, ನಂತರ ಕಣ್ಣು ತೆರೆಯಿರಿ. ಸ್ನಾನ ಮಾತ್ರ ಲೆನ್ಸ್ ಹಾಕುವ ಮೊದಲೇ ಮುಗಿಯಲಿ.

ಉಪವಾಸದಲ್ಲಿ ಲೆನ್ಸ್ ಹಾಕಲು ಅಡ್ಡಿಯಿಲ್ಲ. ನಮ್ಮಲ್ಲಿ ಅನುಸರಿಸಲಾಗುವ ಶಾಫಿಈ ಮತ್ತು ಹನಫೀ ಎರಡೂ ಮದ್‌ಹಬ್‌ಗಳ ಪ್ರಕಾರ ಕಣ್ಣಿಗೆ ಔಷಧದ ಹನಿ ಹಾಕಿದರೆ ಉಪವಾಸ ಮುರಿಯುವುದಿಲ್ಲ. ರಮಝಾನಿನಲ್ಲಿ ವೈದ್ಯರು ಕೊಟ್ಟ ಹನಿಯನ್ನು ನಿಲ್ಲಿಸಿ ಕಣ್ಣು ಕೆಡಿಸಿಕೊಳ್ಳಬೇಡಿ.

ದಿನದ ಕ್ರಮ ಹೀಗಿರಲಿ. ಕೈಯನ್ನು ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಿ. ಮೆಣಸು ಕೊಯ್ದ ಕೈಯ ಖಾರ ಸಾಬೂನಿಗೂ ಬೇಗ ಬಿಡದು, ಆದ್ದರಿಂದ ಲೆನ್ಸ್ ಹಾಕಿ ಆದ ಮೇಲೆ ಅಡುಗೆಗೆ ಇಳಿಯಿರಿ. ಲೆನ್ಸನ್ನು ಬೆರಳ ತುದಿಯಲ್ಲಿಟ್ಟು ನೋಡಿ. ಬೋಗುಣಿಯಂತೆ ನಿಂತರೆ ಸರಿ, ಅಂಚು ತಟ್ಟೆಯಂತೆ ಹೊರಗೆ ಬಾಗಿದರೆ ತಿರುವುಮುರುವಾಗಿದೆ. ಯಾವಾಗಲೂ ಒಂದೇ ಕಣ್ಣಿನಿಂದ ಆರಂಭಿಸಿ, ಬಲ ಎಡ ಅದಲು ಬದಲಾಗದು. ರಾತ್ರಿ ತೆಗೆದ ಮೇಲೆ ಅಂಗೈಯಲ್ಲಿಟ್ಟು ದ್ರಾವಣ ಹಾಕಿ ಮೆಲ್ಲಗೆ ಉಜ್ಜಿ, ಮತ್ತೆ ದ್ರಾವಣದಿಂದಲೇ ತೊಳೆದು, ಡಬ್ಬಿಗೆ ಹೊಸ ದ್ರಾವಣ ತುಂಬಿ ಮುಳುಗಿಸಿಡಿ. ನಿನ್ನೆಯ ದ್ರಾವಣಕ್ಕೆ ಇಂದು ಸ್ವಲ್ಪ ಸೇರಿಸುವುದು ಎಂಜಲು ನೀರಿಗೆ ಹೊಸ ನೀರು ಬೆರೆಸಿದಂತೆ. ಬೆಳಗ್ಗೆ ಲೆನ್ಸ್ ತೆಗೆದ ಕೂಡಲೇ ಡಬ್ಬಿಯನ್ನು ಬರಿದು ಮಾಡಿ, ದ್ರಾವಣದಿಂದ ತೊಳೆದು ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಡಬ್ಬಿಯನ್ನು ಬದಲಿಸಿ. ದ್ರಾವಣದ ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಎಷ್ಟು ದಿನದೊಳಗೆ ಮುಗಿಸಬೇಕೆಂದು ಅಲ್ಲೇ ಅಚ್ಚಾಗಿರುತ್ತದೆ.

ಲೆನ್ಸ್ ಹಾಕಿ ಮಲಗಬೇಡಿ, ಮಧ್ಯಾಹ್ನದ ನಿದ್ದೆಗೂ ಬೇಡ. ಮುಚ್ಚಿದ ರೆಪ್ಪೆಯ ಕೆಳಗೆ ಕಾರ್ನಿಯಕ್ಕೆ ಗಾಳಿ ಮೊದಲೇ ಕಡಿಮೆ. ರಾತ್ರಿಯಿಡೀ ಲೆನ್ಸ್ ಬಿಟ್ಟರೆ ಸೋಂಕಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ದಿನಕ್ಕೆ ಎಂಟು ಹತ್ತು ಗಂಟೆ ಸಾಕು, ಮನೆಗೆ ಬಂದ ಮೇಲೆ ಕನ್ನಡಕ ಹಾಕಿಕೊಳ್ಳಿ.

ಸುರುಮ ಹಚ್ಚುವವರು ಲೆನ್ಸ್ ಇರುವಾಗ ಹಚ್ಚಬಾರದು. ಅದರ ಪುಡಿ ಲೆನ್ಸಿನ ಅಡಿಗೆ ಸೇರಿ ಕಣ್ಣನ್ನು ಗೀರುತ್ತದೆ. ಪ್ರವಾದಿ(ಸ)ರವರು ರಾತ್ರಿ ಮಲಗುವ ಮುನ್ನ ಸುರುಮ ಹಚ್ಚುತ್ತಿದ್ದರೆಂದು ಹದೀಸ್‌ಗಳಲ್ಲಿ ವರದಿಯಾಗಿದೆ. ಲೆನ್ಸ್ ತೆಗೆದ ಮೇಲಿನ ಆ ಹೊತ್ತೇ ನಮಗೂ ಅನುಕೂಲ. ಆದರೆ ಮಾರುಕಟ್ಟೆಯ ಕೆಲವು ಸುರುಮಗಳಲ್ಲಿ ಸೀಸ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಏನಿದೆ ಎಂದು ಬರೆಯದ ಡಬ್ಬಿಯನ್ನು ಕೊಳ್ಳಬೇಡಿ.

ಮದುವೆ ಮನೆಯ ಬಣ್ಣದ ಲೆನ್ಸ್

ಈಗೀಗ ಮದುಮಗಳ ಶೃಂಗಾರದಲ್ಲಿ ಬೂದು, ಹಸಿರು, ಜೇನು ಬಣ್ಣದ ಲೆನ್ಸ್‌ಗಳೂ ಸೇರಿಕೊಂಡಿವೆ. ಒಂದೇ ಜೋಡಿ ಒಬ್ಬಳ ಕಣ್ಣಿನಿಂದ ಇನ್ನೊಬ್ಬಳ ಕಣ್ಣಿಗೆ, ಅಕ್ಕನಿಂದ ನಾದಿನಿಗೆ ಹೋಗುವುದೂ ಇದೆ. ಸಹೋದರಿಯರೇ, ಒಬ್ಬರ ಲೆನ್ಸನ್ನು ಇನ್ನೊಬ್ಬರು ಎಂದಿಗೂ ಹಾಕಬಾರದು. ನಂಬರಿಲ್ಲದ ಬಣ್ಣದ ಲೆನ್ಸಿಗೂ ಕಣ್ಣಿನ ಅಳತೆ ಬೇಕು, ಶುಚಿತ್ವ ಬೇಕು. ಅಮೆರಿಕದಲ್ಲಿ 2005ರಲ್ಲಿ ಕಾನೂನು ತಂದು, ಅಲಂಕಾರಕ್ಕೆ ಹಾಕುವ ಲೆನ್ಸನ್ನೂ ವೈದ್ಯಕೀಯ ಉಪಕರಣವೆಂದೇ ಪರಿಗಣಿಸಿದರು. ಕಣ್ಣಿಗೆ ಆದ ಹಾನಿಗಳನ್ನು ನೋಡಿಯೇ ಈ ಕ್ರಮ ಬಂತು. ಕೊಲ್ಲಿ ದೇಶದಿಂದ ಬರುವವರ ಪೆಟ್ಟಿಗೆಯಲ್ಲಿ ಅತ್ತರು, ಚಾಕಲೇಟುಗಳ ಜೊತೆ ಉಡುಗೊರೆಯಾಗಿ ಬರುವ ಬಣ್ಣದ ಲೆನ್ಸಿಗೂ ಇದೇ ಮಾತು ಅನ್ವಯಿಸುತ್ತದೆ.

ಮದುವೆಯ ದಿನ ಲೆನ್ಸ್ ಹಾಕಲೇಬೇಕಿದ್ದರೆ ಒಂದು ದಿನದ ಲೆನ್ಸ್ ಸಾಕು. ಹಾಕಲು ಅದೇ ದಿನ ಕಲಿಯಬೇಡಿ, ತಿಂಗಳ ಮೊದಲೇ ಅಳತೆ ಕೊಟ್ಟು ಅಭ್ಯಾಸ ಮಾಡಿ. ಮೊದಲು ಲೆನ್ಸ್, ಆಮೇಲೆ ಮೇಕಪ್. ರಾತ್ರಿ ಮೊದಲು ಲೆನ್ಸ್ ತೆಗೆದು ಆಮೇಲೆ ಮೇಕಪ್ ಒರೆಸಿ. ಎಷ್ಟೇ ದಣಿವಾಗಿದ್ದರೂ ತೆಗೆಯದೆ ಮಲಗಬಾರದು. ಅತ್ತರು, ಸ್ಪ್ರೇ ಹಾಕುವಾಗ ಕಣ್ಣು ಮುಚ್ಚಿರಲಿ. ಹಸಿ ಮದರಂಗಿಯ ಕೈ ಲೆನ್ಸಿಗೆ ತಾಗದಿರಲಿ.

ಇನ್ನೊಂದು ವಿಷಯ ಹೇಳಲೇಬೇಕು. ಹೆಣ್ಣು ನೋಡಲು ಬರುವ ದಿನಕ್ಕಾಗಿಯೇ ಮಗಳಿಗೆ ಲೆನ್ಸ್ ಕೊಡಿಸುವ ತಾಯಂದಿರಿದ್ದಾರೆ. ಕನ್ನಡಕ ಕಂಡರೆ ಸಂಬಂಧ ತಪ್ಪೀತು ಎಂಬ ಭಯ ಅವರದು. ನಿಖಾಹ್ ನಂತರ ಗುಟ್ಟು ಬಯಲಾಗಬಾರದೆಂದು ಆ ಹುಡುಗಿ ಅತ್ತೆ ಮನೆಯಲ್ಲಿ ಬೆಳಗ್ಗಿನಿಂದ ಮಲಗುವವರೆಗೂ ಲೆನ್ಸ್ ತೆಗೆಯುವಂತಿಲ್ಲ. ಡಬ್ಬಿಯನ್ನು ಬಟ್ಟೆಗಳ ನಡುವೆ ಅಡಗಿಸಿಡಬೇಕು. ದ್ರಾವಣ ಮುಗಿದರೆ ಯಾರಲ್ಲಿ ಹೇಳುವುದು? ಕಣ್ಣು ಕೆಂಪಾದರೆ ಏನೆನ್ನುವುದು? ಮೇಲೆ ಹೇಳಿದ ಒಂದು ನಿಯಮವನ್ನೂ ಅವಳಿಗೆ ಪಾಲಿಸಲಾಗದು. ಧಾನ್ಯದ ರಾಶಿಯ ಒದ್ದೆಯನ್ನು ಅಡಿಯಲ್ಲಿಟ್ಟು ಮಾರುತ್ತಿದ್ದ ವ್ಯಾಪಾರಿಯನ್ನು ಪ್ರವಾದಿ(ಸ)ರವರು ಖಂಡಿಸಿದ ಘಟನೆ ನಮಗೆಲ್ಲ ಗೊತ್ತು. ಬದುಕಿಡೀ ಬಾಳಬೇಕಾದ ಸಂಬಂಧದಲ್ಲಿ ಮುಚ್ಚುಮರೆ ಇನ್ನೂ ದೊಡ್ಡ ವಿಷಯ. ಆದರೆ ಇದರಲ್ಲಿ ಹುಡುಗಿಗಿಂತ ಅವಳನ್ನು ಈ ಸ್ಥಿತಿಗೆ ತಳ್ಳುವವರ ಪಾಲೇ ದೊಡ್ಡದು. ವರನ ಕನ್ನಡಕವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಓದಿದ ಹುಡುಗ ಎನ್ನುತ್ತಾರೆ. ವಧುವಿನ ಕನ್ನಡಕ ಮಾತ್ರ ಹೇಗೆ ದೋಷವಾಯಿತು? ಸೊಸೆ ಹುಡುಕುತ್ತಿರುವ ಉಮ್ಮಂದಿರೇ, ಇದಕ್ಕೆ ಉತ್ತರಿಸಬೇಕಾದವರು ನೀವು. ಮಗಳ ತಾಯಂದಿರೇ, ಕನ್ನಡಕ ಹಾಕಿಸಿಯೇ ಮಗಳನ್ನು ತೋರಿಸಿ. ಕನ್ನಡಕ ಕಂಡು ಎದ್ದು ಹೋಗುವವರು ಬೇಗ ಹೋದದ್ದೇ ಒಳ್ಳೆಯದು.

ಅಪಾಯದ ಗುರುತುಗಳು

ಕಣ್ಣು ಕೆಂಪಾಗುವುದು, ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು, ಕೀವು ಬರುವುದು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಲೆನ್ಸ್ ತೆಗೆಯಿರಿ. ಬೆಳಗಾಗಲಿ ಎಂದು ಕಾಯದೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಲೆನ್ಸನ್ನೂ ಡಬ್ಬಿಯನ್ನೂ ಬಿಸಾಡದೆ ಜೊತೆಗೆ ಒಯ್ಯಿರಿ. ಯಾವ ರೋಗಾಣು ಎಂದು ಪತ್ತೆ ಹಚ್ಚಲು ಅದು ಬೇಕಾಗಬಹುದು. ಔಷಧಿ ಅಂಗಡಿಯಲ್ಲಿ ಕೇಳಿ ಯಾವುದೋ ಹನಿ ತಂದು ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದಂತೆ ಕಂಡು ಒಳಗಿನ ಸೋಂಕು ಉಲ್ಬಣಿಸುತ್ತದೆ. ಜೇನು, ಎದೆಹಾಲು, ಪನ್ನೀರು ಇಂತಹ ಮನೆಮದ್ದುಗಳಿಗೂ ಇದು ಸಮಯವಲ್ಲ. ತೊಂದರೆ ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಕಣ್ಣು ತೋರಿಸಿ.

ಕಣ್ಣು ಪರೀಕ್ಷೆ ಮಾಡಿಸದೆ ಲೆನ್ಸ್ ಕೊಳ್ಳುವುದಿಲ್ಲ, ನೀರು ತಾಗಿಸುವುದಿಲ್ಲ, ಹಾಕಿ ಮಲಗುವುದಿಲ್ಲ, ಇನ್ನೊಬ್ಬರಿಗೆ ಕೊಡುವುದಿಲ್ಲ. ಈ ನಾಲ್ಕನ್ನು ಪಾಲಿಸಬಲ್ಲೆ ಎಂಬ ಧೈರ್ಯವಿದ್ದವರು ಬಿಸ್ಮಿಲ್ಲಾಹ್ ಹೇಳಿ ಆರಂಭಿಸಿ. ಈಗಾಗಲೇ ಹಾಕುತ್ತಿರುವವರು ಇಂದು ರಾತ್ರಿಯೇ ತಮ್ಮ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ. ಮೂರು ತಿಂಗಳು ದಾಟಿದ್ದರೆ ಬಿಸಾಡಿ, ಹೊಸದು ತನ್ನಿ.

ಅಲ್ಲಾಹನು ನಮ್ಮ ಕಣ್ಣುಗಳಿಗೆ ಬೆಳಕನ್ನು, ಮನಸ್ಸುಗಳಿಗೆ ವಿವೇಕವನ್ನು ನೀಡಲಿ. ಆಮೀನ್.